ಚಪ್ಪಲಿ ಹಿಡಿದು ನಿಂತವಳ ಫ್ಲೆಕ್ಸು

ಎಲ್ಲಕ್ಕೂ ಮೂಲ ಒಂದು ಜೊತೆ ಚಪ್ಪಲಿ.

ಆ ಭಾನುವಾರ ಗದಗಿನಲ್ಲಿ ಜಿಲ್ಲಾ ಮಟ್ಟದ ಮೂರು ಸಾವಿರ ಮೀಟರ್ ಓಟ. ಹೊಂಬಳದ ಸಣ್ಣ ಖಾಸಗಿ ಶಾಲೆಯಿಂದ ಎಂಟನೇ ಇಯತ್ತೆಯ ವಿದ್ಯಾಶ್ರೀ ಬರಿಗಾಲಲ್ಲಿ ಓಡಿದಳು. ಅವಳ ಚಪ್ಪಲಿ ಕಾಯಲೆಂದೇ ಜೊತೆಗೆ ಹೋಗಿದ್ದವಳು ಗೆಳತಿ ಸೌಂದರ್ಯಾ. ವಿದ್ಯಾಶ್ರೀ ಮೂರನೆಯವಳಾಗಿ ಬಂದಳು. ಟ್ರೋಫಿ ಕೈಗೆ ಬರುವಷ್ಟರಲ್ಲಿ ಹಿಮ್ಮಡಿ ಒಡೆದು ರಕ್ತ ಸೋರುತ್ತಿತ್ತು. ಟ್ರೋಫಿಯನ್ನು ಗೆಳತಿಯ ಕೈಗೆ ಕೊಟ್ಟು ನೀರಿನ ನಲ್ಲಿ ಹುಡುಕಿಕೊಂಡು ಹೋದಳು. ಅದೇ ಹೊತ್ತಿಗೆ ಪಿ.ಟಿ. ಮಾಸ್ತರರು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದರು. ಅವಳು ಕುಂಟುತ್ತ ತಿರುಗಿ ಬರುವುದರೊಳಗೆ ಹೊಂಬಳದ ಬಸ್ಸು ಹಾರ್ನ್ ಬಾರಿಸುತ್ತಿತ್ತು. ಇನ್ನೊಂದು ಫೋಟೋ ಆಗಲಿಲ್ಲ.

ಆ ಫೋಟೋ ಗೋಪಣ್ಣನಿಗೆ ಬಂತು. ಗೋಪಣ್ಣ ಬೆಟಗೇರಿಯ ನೇಕಾರರ ಮನೆಯವನು, ಶಾಲೆಯ ಚಿತ್ರಕಲಾ ಶಿಕ್ಷಕ, ಎಂಟನೇ ಇಯತ್ತೆಯ ಕ್ಲಾಸ್ ಟೀಚರ್. ತಿಂಗಳಿಗೊಮ್ಮೆ 'ಶಾಲಾ ವಾರ್ತೆ' ಹೊರಡಿಸುವುದು, ಮಕ್ಕಳು ಏನಾದರೂ ಸಾಧಿಸಿದರೆ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿಸುವುದು ಅವನದೇ ಕೆಲಸ. ಹೋದ ಸಲದ ಫ್ಲೆಕ್ಸಿನಲ್ಲಿ ಶಾಲಾ ಕಮಿಟಿಯ ಅಧ್ಯಕ್ಷರ ಅಡ್ಡಹೆಸರಿನ ಒಂದು ಒತ್ತು ಬಿಟ್ಟುಹೋಗಿ ಚೆನ್ನಾಗಿ ಉಗಿಸಿಕೊಂಡಿದ್ದ. ಹಾಗಾಗಿ ಈ ಸಲ ಅಕ್ಷರಗಳನ್ನು ಜೋಳದಲ್ಲಿ ಹರಳು ಆರಿಸಿದ ಹಾಗೆ ಐದು ಸಲ ನೋಡಿದ. ಮುಖವನ್ನು ಒಂದು ಸಲವೂ ನೋಡಲಿಲ್ಲ. ಬೆಟಗೇರಿಯ ಫ್ಲೆಕ್ಸ್ ಅಂಗಡಿಯ ತನ್ವೀರನಿಗೆ ಎಲ್ಲವನ್ನೂ ಕಳಿಸಿ ನಿಶ್ಚಿಂತನಾದ.

ಬುಧವಾರ ಬೆಳಿಗ್ಗೆ ಹೊಂಬಳದಲ್ಲಿ ಬಸ್ಸಿಳಿದು ತಲೆ ಎತ್ತಿದರೆ, ಎರಡು ಬಿದಿರ ಗಳಗಳ ನಡುವೆ ಸೌಂದರ್ಯಾಳ ಮುಖ ಮೊರದಷ್ಟು ಅಗಲವಾಗಿ ಇಡೀ ಊರನ್ನು ಕೇರಲು ನಿಂತಂತಿತ್ತು. ಕೆಳಗೆ ದಪ್ಪಕ್ಷರದಲ್ಲಿ, 'ಜಿಲ್ಲಾ ಮಟ್ಟದ ಓಟದಲ್ಲಿ ತೃತೀಯ ಸ್ಥಾನ ಪಡೆದ ಕುಮಾರಿ ವಿದ್ಯಾಶ್ರೀಗೆ ಅಭಿನಂದನೆಗಳು.' ಒಂದಕ್ಷರವೂ ತಪ್ಪಿರಲಿಲ್ಲ.

ಚಹಾದಂಗಡಿಯ ಮೌನೇಶ ಒಲೆ ಬಿಟ್ಟು ಬಂದ. "ಸರ, ಹೆಸರ ಒಬ್ಬಾಕಿದ, ಮಾರಿ ಒಬ್ಬಾಕಿದ. ಇದೇನ ಹೊಸಾ ಪದ್ಧತಿ ಏನ್ರಿ?"

"ಮೌನೇಶ, ಜಲ್ದಿ ಒಂದು ಕುಡಗೋಲ ಕೊಡು. ಯಾರೂ ನೋಡೋದ್ರೊಳಗ ಹಗ್ಗ ಕೊಯ್ತೀನಿ."

"ನೋಡೋದ್ರೊಳಗ? ಸೌಂದರ್ಯಾನ ಅಜ್ಜಿ ಫಕ್ಕೀರವ್ವ ಅಲ್ಲೇ ನಿಂತಾಳ ನೋಡ್ರಿ. ಮುಂಜಾನಿಂದ ಎರಡು ಬಸ್ಸಿನ ಮಂದಿಗೆ ಸಕ್ಕರಿ ಹಂಚ್ಯಾಳ. ಮುದುಕಿಗೆ ಓದಾಕ ಬರೂದಿಲ್ಲ. ಹೇಳಾಕ ನನಗ ಬಾಯಿ ಬರವಲ್ದು. ನೀವ ಹಾಕ್ಸೀರಿ, ನೀವ ಹೇಳ್ರಿ."

ಗೋಪಣ್ಣ ಗಂಟಲು ಸರಿಮಾಡಿಕೊಂಡು ಹೋದ. ಫಕ್ಕೀರವ್ವ ಗಳದ ಬುಡಕ್ಕೆ ಕಾಯಿ ಒಡೆಯುತ್ತಿದ್ದಳು. ಇವನನ್ನು ಕಂಡು ಸೆರಗು ಸರಿ ಮಾಡಿಕೊಂಡಳು.

"ಬರ್ರಿ ಮಾಸ್ತರ. ನಮ್ಮ ಮನಿತನದಾಗ ಯಾರರ ಸತ್ರಷ್ಟ ಫ್ಲೆಕ್ಸ್ ಕಟ್ಟಿಸೇವಿ. ನಮ್ಮನಿಯವರು ಹೋದಾಗ ಒಂದು, ಮೈದುನ ಹೋದಾಗ ಒಂದು. ಉಸರಾಡೋ ಮಾರಿ ಈ ಗಳಾ ಏರಿದ್ದು ಇದ ಮೊದಲು. ಬಾಯಿ ತಗೀರಿ."

"ಅಜ್ಜಿ, ಒಂದು ಮಾತು..."

"ಮೊದಲ ಬಾಯಿ ತಗೀರಿ."

ಒಂದು ಹಿಡಿ ಸಕ್ಕರೆ ಬಾಯಿಗೆ ಬಿತ್ತು. ಹೇಳಬೇಕೆಂದು ತಂದಿದ್ದ ಮಾತು ಅದರ ಜೊತೆಗೇ ಕರಗಿತು. ಗೋಪಣ್ಣ ತಲೆ ತಗ್ಗಿಸಿ ಶಾಲೆಯ ಹಾದಿ ಹಿಡಿದ.

ಅಲ್ಲಿ ಹೆಡ್‌ಮಾಸ್ತರ ಮೌಲಾಸಾಬರು ಗೇಟಿನಲ್ಲೇ ಕಾಯುತ್ತಿದ್ದರು. ಅವರು ಸಿಟ್ಟು ಬಂದಷ್ಟೂ ದನಿ ತಗ್ಗಿಸುವವರು. ಅವತ್ತು ಕೇಳಿಸಿಕೊಳ್ಳಲು ಗೋಪಣ್ಣ ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ಯಬೇಕಾಯಿತು.

"ನಾಲ್ಕಕ್ಕ ಅಧ್ಯಕ್ಷರು ಬರ್ತಾರ. ಅಷ್ಟರಾಗ ಎಲ್ಲಾ ಸರಿ ಆಗಿರಬೇಕು. ಆಗಲಿಲ್ಲಂದ್ರ ನಾಳಿಂದ ನೀವು ಬೆಟಗೇರ್ಯಾಗ ಇದ್ದುಬಿಡ್ರಿ."

ಅವರ ಹಿಂದೆ ವಿದ್ಯಾಶ್ರೀಯ ಅಪ್ಪ ದುರ್ಗೇಶ ನಿಂತಿದ್ದ. ಹೆಗಲ ಮೇಲಿನ ಟವೆಲನ್ನು ಕೈಯಲ್ಲಿ ಹಿಡಿದಿದ್ದ.

"ನಾ ಜಗಳಾ ಮಾಡಾಕ ಬಂದಿಲ್ಲರಿ ಸರ. ನನ್ನ ಮಗಳು ಓಡ್ಯಾಳೋ ಇಲ್ಲೋ, ಅಷ್ಟ ಹೇಳ್ರಿ. ಮನ್ಯಾಗ ಆಕಿ ಕಾಲಿಗೆ ಅರಿಷಿಣ ಹಚ್ಚಾಕತ್ತೇವಿ, ಬಸ್‌ಸ್ಟ್ಯಾಂಡಿನ್ಯಾಗ ಬ್ಯಾರೇದಾಕಿ ಹೆಸರಿಲೆ ಸಕ್ಕರಿ ಹಂಚಾಕತ್ತಾರ."

"ಓಡ್ಯಾಳ ದುರ್ಗೇಶಣ್ಣ. ತಪ್ಪು ನಂದು. ನಾಲ್ಕರೊಳಗ ಅಲ್ಲಿ ಆಕಿ ಮಾರಿ ಇರ್ತೈತಿ."

"ಆತು. ನಾಲ್ಕಕ್ಕ ಬರ್ತೀನಿ."

ಬೈದಿದ್ದರೂ ಇಷ್ಟು ಭಾರವಾಗುತ್ತಿರಲಿಲ್ಲ. ಗೋಪಣ್ಣ ಸ್ಟಾಫ್ ರೂಮಿಗೆ ಬಂದು ಕುಂತ. ಮಗ್ಗದ ಮೇಲೆ ಎಳೆ ಹರಿದರೆ ಗಂಟು ಹಾಕಬಹುದು, ನೇಯ್ದ ಮೇಲೆ ತಪ್ಪು ಕಂಡರೆ ಸೀರೆ ಬಿಚ್ಚಬೇಕು ಎನ್ನುತ್ತಿದ್ದ ಅವನಪ್ಪ. ಬಿಚ್ಚುವುದೇನೋ ಸರಿ. ಊರ ತುಂಬ ಸಕ್ಕರೆ ಹಂಚಿದ ಮುದುಕಿಯ ಎದುರು ಮೊಮ್ಮಗಳ ಮುಖವನ್ನು ಹಗ್ಗ ಕೊಯ್ದು ಕೆಳಗೆ ಕೆಡವುವುದು ಹೇಗೆ? ಆ ಹುಡುಗಿ ನಾಳೆ ಯಾವ ಮುಖ ಹೊತ್ತು ಓಣಿಯಲ್ಲಿ ನಡೆದಾಳು?

ಪಕ್ಕದಲ್ಲಿ ವಹಿ ತಿದ್ದುತ್ತಿದ್ದ ದ್ರಾಕ್ಷಾಯಣಿ ಟೀಚರನ್ನು ಕೇಳಿದ, "ಟೀಚರ, ಸೌಂದರ್ಯಾ ಯಾವುದರಾಗರ ಮುಂದ ಅದಾಳೇನ್ರಿ? ಹಾಡು, ಭಾಷಣ, ರಂಗೋಲಿ?"

"ಯಾವದರಾಗೂ ಇಲ್ಲರಿ ಸರ. ಹಾಡೂ ಇಲ್ಲ, ಭಾಷಣಾನೂ ಇಲ್ಲ. ಆದ್ರ ದಿನಾ ಇರ್ತಾಳ."

ಗೋಪಣ್ಣ ಎದ್ದು ನಿಂತ. ಕಪಾಟಿನಿಂದ ಎಂಟನೇ ಇಯತ್ತೆಯ ಹಾಜರಿ ಪುಸ್ತಕ ತೆಗೆದು ಸೌಂದರ್ಯಾಳ ಹೆಸರಿನ ಸಾಲಿನ ಮೇಲೆ ಬೆರಳಾಡಿಸಿದ. ಜೂನ್, ಜುಲೈ, ಆಗಸ್ಟ್... ನಿನ್ನೆಯವರೆಗೂ ಒಂದೂ ಗೈರಿಲ್ಲ. ಏಳನೆಯದರ ಪುಸ್ತಕ ತೆಗೆದ, ಅದರಲ್ಲೂ ಇಲ್ಲ. ಆರನೆಯದರಲ್ಲೂ ಇಲ್ಲ. ಇಡೀ ಶಾಲೆಯಲ್ಲಿ ಅಂಥ ಮಗು ಬೇರೊಂದಿರಲಿಲ್ಲ, ಮಾಸ್ತರರಲ್ಲಂತೂ ಇರಲೇ ಇಲ್ಲ. ಪುಸ್ತಕವನ್ನು ದ್ರಾಕ್ಷಾಯಣಿಯ ಕೈಗಿಟ್ಟು, "ಇವತ್ತ ನನ್ನ ಕ್ಲಾಸ್ ನೀವ ನೋಡ್ಕೊಳ್ರಿ" ಎಂದವನೇ ಬೆಟಗೇರಿಗೆ ಓಡಿದ.

ತನ್ವೀರ ತಕರಾರು ತೆಗೆದ. "ಸರ, ನೀವು ಕಳಿಸಿದ್ದ ಹಾಕೀನಿ. ನಂದೇನ ತಪ್ಪೈತಿ?"

"ನಿಂದಲ್ಲೋ ಮಾರಾಯಾ, ನಂದ. ಒಂದು ಹೊಸಾ ಫ್ಲೆಕ್ಸ್ ಮಾಡು, ಒಂದು ಉದ್ದನ್ನ ಪಟ್ಟಿ ಮಾಡು."

ಆಗಲೇ ಕರೆಂಟು ಹೋಯಿತು. ಅದು ಬಂದದ್ದು ಎರಡು ಗಂಟೆಗೆ. ವಿದ್ಯಾಶ್ರೀಯದು ಹೊರಡುವಾಗ ಶಾಲೆಯ ಕಪಾಟಿನಲ್ಲಿ ಸಿಕ್ಕಿದ್ದು ಪ್ರವೇಶ ಅರ್ಜಿಯ ಹಳೆಯ ಫೋಟೋ. ಅದರಲ್ಲಿ ಅವಳು ಇಂಜೆಕ್ಷನ್ ಸೂಜಿ ಕಂಡವಳಂತೆ ಕಣ್ಣು ಬಿಟ್ಟಿದ್ದಳು. ಇರಲಿ, ಮುಖ ಅವಳದೇ ಎಂದು ಗೋಪಣ್ಣ ಈ ಸಲ ಐದು ಬಾರಿ ನೋಡಿಕೊಂಡ.

ಬಸ್ಸಿನಲ್ಲಿ ಸುರುಳಿಯನ್ನು ಬಾಣಂತಿ ಕೂಸು ಹಿಡಿದಂತೆ ಎದೆಗವಚಿ ಕುಂತವನನ್ನು ಪಕ್ಕದ ಮುದುಕ ಮೆಲ್ಲಗೆ ಕೇಳಿದ, "ಯಾರು ತೀರಿಕೊಂಡ್ರಿ?"

"ಯಾರೂ ಇಲ್ಲಜ್ಜ. ಇದು ಅಭಿನಂದನಾ ಫ್ಲೆಕ್ಸ್."

"ಮತ್ತ ನಿಮ್ಮ ಮಾರಿ ಯಾಕ ಹಂಗ ಐತಿ?"

ಮೂರೂವರೆಗೆ ಮೌನೇಶ ಏಣಿ ಹಿಡಿದ, ಗೋಪಣ್ಣ ಏರಿದ. ಸೌಂದರ್ಯಾಳ ಮುಖದ ಕೆಳಗಿನ ಅಕ್ಷರಗಳ ಮೇಲೆ ಪಟ್ಟಿ ಅಂಟಿಸಿದ: 'ಒಂದು ದಿನವೂ ಶಾಲೆ ತಪ್ಪಿಸದ ಕುಮಾರಿ ಸೌಂದರ್ಯಾ, ನೂರಕ್ಕೆ ನೂರು ಹಾಜರಾತಿ.' ಪಕ್ಕದಲ್ಲಿ ವಿದ್ಯಾಶ್ರೀಯ ಫ್ಲೆಕ್ಸ್ ಕಟ್ಟಿದ. ನಾಲ್ಕಕ್ಕೆ ಸರಿಯಾಗಿ ಬಂದ ದುರ್ಗೇಶ ಬಹಳ ಹೊತ್ತು ಮೇಲೆ ನೋಡಿದ. "ಕಣ್ಣ ಯಾಕೋ ದೊಡ್ಡವಾಗ್ಯಾವು," ಎಂದ. ಆಮೇಲೆ ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಆತು ಬಿಡ್ರಿ ಸರ, ಸರಿ ಆತು" ಎಂದು ನಡೆದ.

ಅಧ್ಯಕ್ಷರ ಕಾರು ಫ್ಲೆಕ್ಸಿನ ಮುಂದೆಯೇ ನಿಂತಿತು. ಅವರು ಓಟದ ಫ್ಲೆಕ್ಸಿಗೆ ಒಮ್ಮೆ ತಲೆ ಆಡಿಸಿದರು, ಹಾಜರಾತಿಯ ಫ್ಲೆಕ್ಸನ್ನು ಎರಡು ಸಲ ಓದಿದರು.

"ಶಾಬಾಸ್! ಓಡಾಕ ಯಾರರ ಓಡ್ತಾರ. ದಿನಾ ಬರೂದು ದೊಡ್ಡದು. ಈ ವಿಚಾರ ಯಾರದು?"

ಎದುರುಗೊಳ್ಳಲು ಅಲ್ಲಿಗೇ ಬಂದಿದ್ದ ಮೌಲಾಸಾಬರು ಮೊದಲ ಬಾರಿಗೆ ಎಲ್ಲರಿಗೂ ಕೇಳುವಂತೆ ಮಾತಾಡಿದರು. "ನಮ್ಮ ಗೋಪಣ್ಣ ಸರದ್ದು."

ಗೋಪಣ್ಣನ ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಯಿತು. ಶಾಲೆಗೆ ಬಂದ ಅಧ್ಯಕ್ಷರು ಕುರ್ಚಿಯಲ್ಲಿ ಕುಂತು, "ಆ ಹುಡುಗಿನ್ನ ಕರೀರಿ, ಶಾಲು ಹೊದಸೋಣು. ಹಾಜರಿ ಪುಸ್ತಕಾನೂ ತರ್ರಿ. ಕೈಯಾಗ ಹಿಡಿಸಿ ಫೋಟೋ ತಗೊಂಡು ಶಾಲಾ ವಾರ್ತೆಗೆ ಹಾಕ್ರಿ" ಎಂದರು.

ಪುಸ್ತಕ ಬಂತು. ಹುಡುಗಿ ಬರಲಿಲ್ಲ. ಅಧ್ಯಕ್ಷರ ಬೆರಳು ಸಾಲಿನುದ್ದಕ್ಕೂ ಸರಿದು ಕೊನೆಯ ಮನೆಯಲ್ಲಿ ನಿಂತಿತು. ಅಲ್ಲಿ, ಇವತ್ತಿನ ತಾರೀಖಿನ ಕೆಳಗೆ, ಕೆಂಪು ಶಾಯಿಯಲ್ಲಿ ದುಂಡಗೆ 'ಗೈರು' ಎಂದಿತ್ತು.

"ನಾ ಇದ್ದದ್ದ ಬರದೀನ್ರಿ," ಎಂದಳು ದ್ರಾಕ್ಷಾಯಣಿ. "ಆಕಿ ಇವತ್ತ ಬಂದಿಲ್ಲ."

ಅಧ್ಯಕ್ಷರು ಕನ್ನಡಕ ತೆಗೆದರು. "ಒಂದು ದಿನಾನೂ ತಪ್ಪಿಸಿಲ್ಲಂತ ಊರಿಗೆಲ್ಲಾ ಹೇಳಿ, ಹೇಳಿದ ದಿನಾನ ಗೈರು! ಮೊದಲ ಅದನ್ನ ಇಳಸ್ರಿ ಮಾಸ್ತರ. ನಿಮ್ಮ ವಿಷಯ ನಾಳೆ ಮುಂಜಾನೆ ಕಮಿಟಿಯೊಳಗ ಮಾತಾಡೋಣು."

ಮೌಲಾಸಾಬರು ಏನೋ ಅಂದರು. ದನಿ ಎಷ್ಟು ತಗ್ಗಿತ್ತೆಂದರೆ ತುಟಿ ಅಲುಗಿದ್ದಷ್ಟೇ ಕಂಡಿತು.

ಇಳಿಹೊತ್ತಿನಲ್ಲಿ ಗೋಪಣ್ಣ ತಾನೇ ಏಣಿ ಏರಿ ಫ್ಲೆಕ್ಸ್ ಬಿಚ್ಚಿ, ಸುತ್ತಿ, ಕಂಕುಳಲ್ಲಿಟ್ಟುಕೊಂಡು ಫಕ್ಕೀರವ್ವನ ಮನೆಗೆ ನಡೆದ. ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ತಾನೇ ಹೇಳುವುದು ವಾಸಿ ಎನಿಸಿತ್ತು. ಅಜ್ಜಿ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು.

"ಅಜ್ಜಿ, ತಪ್ಪು ನಂದು. ಓಡಿದಾಕಿ ಸೌಂದರ್ಯಾ ಅಲ್ಲ."

"ಗೊತ್ತೈತಿ, ಕುಂಡ್ರಿ. ನಸುಕಿನಾಗ ನೋಡಿ ಬಂದಾಕಿನ ಹೇಳ್ಯಾಳ, 'ಎವ್ವಾ, ನಾ ಚಪ್ಪಲಿ ಹಿಡಕೊಂಡು ನಿಂತಿದ್ದೆ' ಅಂತ."

ಗೋಪಣ್ಣ ಕುಂತುಬಿಟ್ಟ. "ಮತ್ತ ಸಕ್ಕರಿ?"

"ಓಟಕ್ಕ ಹಂಚಿಲ್ಲಪಾ ನಾ. ಮಾರಿ ಚೊಲೋ ಬಂದಿತ್ತು, ಹಂಚಿದೆ."

"ಹಂಗಾದ್ರ ಆಕಿನ್ನ ಇವತ್ತ ಶಾಲಿಗೆ ಯಾಕ ಕಳಸಲಿಲ್ಲ ಅಜ್ಜಿ?"

"ಆಕಿ ಚೀಲಾ ಹಾಕ್ಕೊಂಡು ಹೊಂಟಿದ್ಲು. ನಾನ ಹಿಡದು ನಿಂದ್ರಿಸಿದೆ. ಮುಂಜಾನೆ ನಿಮ್ಮ ಮಾರಿ ನೋಡಿದ್ನೆಲ್ಲ, ಸಕ್ಕರಿ ನುಂಗಾಕ ಬರವಲ್ದು ನಿಮಗ. 'ಇವತ್ತೊಂದು ದಿನ ಮನ್ಯಾಗ ಇರು. ನೀ ಕಣ್ಣಿಗೆ ಬಿದ್ರ ಮಾಸ್ತರಗ ಮತ್ತ ನಾಚಿಕಿ ಆಕ್ಕೈತಿ, ಪಾಪ' ಅಂದೆ. ಒಂದು ದಿನದಾಗ ಏನ ಹೊಕ್ಕೈತಿ ಬಿಡ್ರಿ."

ಫಕ್ಕೀರವ್ವ ಅವನ ಕಂಕುಳ ಕಡೆ ಕೈ ಮಾಡಿದಳು. "ಆ ಸುರಳಿ ಇಲ್ಲೇ ಕೊಡ್ರಿ. ಕಣಕಿ ಬಣವಿಗೆ ಹೊದಸಾಕ ಆಕ್ಕೈತಿ. ಮಳಿ ಬಂದ್ರ ದನಕ್ಕ ಮೇವರ ಉಳೀತೈತಿ."

ಒಳಗಿನಿಂದ ಸೌಂದರ್ಯಾ ಬಂದಳು. ಫ್ಲೆಕ್ಸಿನ ಒಂದು ತುದಿ ಹಿಡಿದು, "ಸರ, ನಾಳಿಂದ ತಪ್ಪಸೂದಿಲ್ಲರಿ. ನೀವೂ ಬರ್ತೀರಲ್ಲರಿ?" ಎಂದು ಕೇಳಿದಳು.

ಗೋಪಣ್ಣ ಇನ್ನೊಂದು ತುದಿ ಹಿಡಿದುಕೊಂಡು ಬಣವೆ ಏರತೊಡಗಿದ.