ಮುಂಚೀಟಿಯ ಫಜೀತಿ

ಅಡಿಗಿ ಒಬ್ಬರದು, ಬಡಸೋದು ಇನ್ನೊಬ್ಬರದು, ಶಾಭಾಸ್ ಮೂರನೇದವರಿಗೆ. ಇಂಥಾದ್ದು ಒಲಿ ಮುಂದ ಆಗೋದು ಕಂಡು ಕಂಡು ನನ್ನ ತಲಿ ಹಣ್ಣಾಗೇದ. ಕಂಪ್ಯೂಟರ್ ಮುಂದನೂ ಹಿಂಗೇ ಆಗ್ತದಂತ ಮೊಮ್ಮಗಳಿಂದ ಗೊತ್ತಾತು.

ಎರಡು ಸಾವಿರದ ಎಂಟರ ಸುಮಾರಿನ ಮಾತು. ಮೊಮ್ಮಗಳು ದಿನಾ ಚಿತ್ತಾಪುರದಾಗ ಪ್ಯಾಸೆಂಜರ್ ಗಾಡಿ ಹತ್ತಿ ವಾಡಿಗೆ ಹೋಗಿ, ಒಂದು ಸಣ್ಣ ಕಂಪ್ಯೂಟರ್ ಆಫೀಸಿನಾಗ ಕೆಲಸ ಮಾಡ್ತಿದ್ದಳು. ದವಾಖಾನಿಗೆ ಬಂದವರ ಹೆಸರು, ವಯಸ್ಸು ಹಾಕಿ ಚೀಟಿ ಕೊಡೋ ಪ್ರೋಗ್ರಾಂ ಅವರದು. ಅದರಾಗ ಐದಾರು ಕಡೆ ತಿದ್ದಿದ್ದನ್ನ ಒಂದು ಕಟ್ಟು ಮಾಡಿ ಹೈದರಾಬಾದಿನ ಹೆಡ್ಡಾಫೀಸಿನ ಸಾಹೇಬ್ರಿಗೆ ಮೇಲ್ ಮಾಡಬೇಕು. ಕಟ್ಟಿನ ಮ್ಯಾಲ ಒಂದು ಮುಂಚೀಟಿ ಇರಬೇಕು: ಏನು ತಿದ್ದೀನಿ, ಯಾಕ ತಿದ್ದೀನಿ ಅಂತ. ಒಪ್ಪಿಗಿ ಆದ್ರ ಕಟ್ಟು ಪ್ರೋಗ್ರಾಮಿನ ಒಳಗ, ತಿದ್ದಿದವರ ಹೆಸರೂ ಒಳಗ. ಇಲ್ಲಂದ್ರ ವಾಪಸ್. ತನ್ನ ಹೆಸರಿನ್ಯಾಗ ಒಂದು ಪೂರಾ ಕಟ್ಟು ಒಳಗ ಹೋಗಬೇಕು, ಅದೊಂದೇ ಅಕಿ ಆಸಿ. ಎರಡು ವರ್ಷದಾಗ ಒಂದೂ ಹೋಗಿರಲಿಲ್ಲ.

ಖಾಲಿ ಚೀಟಿ

ಕಟ್ಟು ಮಾಡಿದ ಕೂಡಲೇ ಕಂಪ್ಯೂಟರ್ ತಾನೇ ಒಂದು ಖಾಲಿ ಮುಂಚೀಟಿ ಮುಂದಿಡ್ತದಂತ. ‘ಇಲ್ಲಿ ವಿಷಯ ಬರೀರಿ, ಇಲ್ಲಿ ವಿವರ ಬರೀರಿ’ ಅಂತ ಅದರಾಗ ಇರ್ತದ. ಅಕಿ ಮ್ಯಾಲಿದ್ದ ಸೀನಿಯರ್ ಒಂದಿನ ಊಟಕ್ಕ ಹೋಗೋ ಅವಸರದಾಗ ಅದನ್ನ ಹಾಂಗೇ ಕಳಿಸಿಬಿಟ್ಟ. ಸಾಹೇಬ್ರಿಂದ ಜವಾಬು ಬಂತು: “ವಿವರಣೆ ಚುಟುಕಾಗಿ, ಚಂದ ಅದ. ಒಪ್ಪಿಗಿ.”

ಮುಂದಿನ ತಿಂಗಳ ಮೊಮ್ಮಗಳು ಅದೇ ತಪ್ಪು ಮಾಡಿದ್ಳು. ಅಕಿಗೆ ಒಂದು ಪುಟ ಬೈಗುಳ ಬಂತು, ಕಟ್ಟೂ ವಾಪಸ್ ಬಂತು.

ನಾ ತೊಗರಿಬ್ಯಾಳಿ ಹಸನ ಮಾಡ್ಲಿಕತ್ತಿದ್ದೆ. ಅಕಿ ಬಂದು ಮುಂದ ಕುಂತು, “ಆಯಿ, ಚೀಟಿ ಎರಡೂ ಖಾಲಿನೇ ಇದ್ವು. ಅವಂದು ಹ್ಯಾಂಗ ಓದಿದ್ರು?” ಅಂದಳು.

“ಅವಂದು ಓದಿಲ್ಲವಾ,” ಅಂದೆ. “ನಿಂದೊಂದೇ ಓದ್ಯಾರ.”

ಹಳೇ ಚೀಟಿ

ಒಮ್ಮೆ ಬರದ ಮುಂಚೀಟಿ ಅಕಿ ಕಂಪ್ಯೂಟರಿನಾಗೇ ಉಳಿತಿತ್ತು. ಹೊಸಾ ಕಟ್ಟು ಕಳಸೋ ಮುಂದ ಹಳೇ ಚೀಟಿ ತೆಗದು ಹೊಸಾದು ಹಾಕಬೇಕು. ಒಂದಿನ ಸೀನಿಯರ್ ಅಕಿ ಕಂಪ್ಯೂಟರ್ ಮ್ಯಾಲ ಕುಂತು, ವಯಸ್ಸಿನ ಲೆಕ್ಕ ಒಂದು ತಿದ್ದಿ, ಅಕಿ ಹಳೇ ಚೀಟಿ ಜೊತಿಗೇ ಕಳಿಸಿದ. ಆ ಚೀಟ್ಯಾಗ, ‘ಅಕ್ಷರದ ಬಣ್ಣ ಅಷ್ಟೇ ಬದಲಿಸೀನಿ, ಪರೀಕ್ಷಾ ಮಾಡೋ ಜರೂರತ್ ಇಲ್ಲ’ ಅಂತಿತ್ತು. ಹೈದರಾಬಾದಿನವರೂ ಪರೀಕ್ಷಾ ಮಾಡಲಿಲ್ಲ.

ವಾರದೊಳಗ ಚಿಂಚೋಳಿ ಕಡಿ ಒಂದು ದವಾಖಾನಿಯಿಂದ ಫೋನ್. ಕುಂಚಾವರಂ ಕಡಿಯ ಮುದುಕಪ್ಪ ಒಬ್ಬಾಂವ ಮೊಣಕಾಲ ನೋವಂತ ಬಂದ್ರ, ಚೀಟ್ಯಾಗ ಅವನ ವಯಸ್ಸು ಮೂರು ತಿಂಗಳ ಬಂದಿತ್ತು. ಅವನ್ನ ಮಕ್ಕಳ ಡಾಕ್ಟರ ಸಾಲಿನ್ಯಾಗ ಕುಂದ್ರಿಸಿದ್ರಂತ. ಎರಡು ತಾಸು ಕುಂತ ಮ್ಯಾಲ ನರ್ಸ್ ಚೀಟಿ ಹಿಡಕೊಂಡು, “ಕೂಸು ಎಲ್ಲಿ ಅದರಿ ಯಜಮಾನ್ರೆ?” ಅಂತ ಕೇಳಿದಳು.

“ಚೀಟ್ಯಾಗ ಕೂಸಂತ ನನ್ನೇ ಬರದೀರಲ್ಲವಾ,” ಅಂದ ಮುದುಕಪ್ಪ. “ಎತ್ಕೊಂಡು ಬರ್ಲಿಕ್ಕೆ ನಮ್ಮವ್ವ ಸತ್ತು ನಲ್ವತ್ತು ವರ್ಷ ಆತು.”

ಇಡೀ ಆಫೀಸು ನಕ್ಕಿತು. ಮುಂಚೀಟಿ ಕೆಳಗ ಇದ್ದದ್ದು ಮೊಮ್ಮಗಳ ಹೆಸರು, ಹಿಂಗಾಗಿ ತಪ್ಪು ಅಕಿದೇ ಆತು. ಸೀನಿಯರ್ ಸಮಾಧಾನ ಹೇಳ್ಲಿಕ್ಕೆ ಬಂದ: “ಹೋಗ್ಲಿ ಬಿಡ್ರಿ ಮೇಡಂ, ನಿಮ್ಮ ಹೆಸರು ಹೈದರಾಬಾದ್ ಮಟಾ ಹೋಯ್ತಲ್ಲ.”

ಅಂಟಿನುಂಡಿ

ಆಮ್ಯಾಲ ಅಕಿ ಹಟಕ್ಕ ಬಿದ್ದು, ಎರಡು ತಿಂಗಳ ಕುಂತು ಆರು ತಿದ್ದುಪಡಿಯ ಕಟ್ಟು ಒಂದು ಮಾಡಿದ್ಳು. ಸಾಹೇಬ್ರು ಎರಡು ಸಲ ವಾಪಸ್ ಕಳಿಸಿದ್ರು. ಯಾಕ ತಿದ್ದೀರಿ ಅನ್ನೋದು ಮುಂಚೀಟ್ಯಾಗ ತಿಳಿಯಂಗಿಲ್ಲ ಅಂತ.

“ಬೀಗರಿಗೆ ಗಂಟು ಕಳಸ್ದಾಂಗ ಅದವಾ ಇದು,” ಅಂತ ನಾ ಹೇಳ್ಲಿಕತ್ತೆ. ಮುಧೋಳಕ್ಕ ಮಗಳನ್ನ ಕೊಟ್ಟ ವರ್ಷ ಬೀಗತಿಗೆ ಸೊಂಟ ಹಿಡದದಂತ ಸುದ್ದಿ ಬಂತು. ಬಾಣಂತಿಗೆ ಕೊಡೋ ಅಂಟಿನುಂಡಿ ಸೊಂಟಕ್ಕೂ ಛಲೋ ಅಂತ ಒಂದು ಡಬ್ಬಿ ತುಂಬ ಕಟ್ಟಿ, ಬಸ್ಸಿನವನ ಕೈಲೆ ಕೊಟ್ಟೆ. ಯಾರಿಗೆ, ಯಾಕ ಅಂತ ಹೇಳಲಿಲ್ಲ. ಡಬ್ಬಿ ತೆಗದ ಬೀಗರು, ಸೊಸಿಗೆ ದಿನ ನಿಂತಾವ, ತವರಿಗೆ ಹೇಳಿ ನಮಗ ಮುಚ್ಚಿಟ್ಟಾಳ ಅಂದ್ಕೊಂಡು ಓಣಿಗೆಲ್ಲ ಸಕ್ಕರಿ ಹಂಚಿದ್ರು. ಸುಳ್ಳಂತ ತಿಳಿದ ಮ್ಯಾಲ ಮಗಳು ಮೂರು ವರ್ಷ ಚುಚ್ಚುಮಾತು ಕೇಳಿದ್ಳು. ಉಂಡಿ ಮಾತ್ರ ಒಂದೂ ಉಳೀಲಿಲ್ಲ.

“ಹಿಂಗಾಗಿ ಗಂಟು ಬಿಚ್ಚೋಕಿಂತ ಮೊದಲು ಮಾತು ಹೇಳಬೇಕು,” ಅಂದೆ. “ಯಾರಿಗೆ ಏನು ನೋವಿತ್ತು, ನೀ ಏನು ಕಟ್ಟೀದಿ, ಮೊದಲು ಯಾವುದು ತೆಗೀಬೇಕು. ಇಷ್ಟು ಹೇಳಿದ ಗಂಟಿನ್ಯಾಗ ಯಾವ ಬೀಗತಿನೂ ತಪ್ಪು ಹುಡುಕಂಗಿಲ್ಲ.”

ನಾ ಹೇಳ್ದಾಂಗ ಬರದು ಮೂರನೇ ಸಲ ಕಳಿಸಿದ್ಳು.

ಬಡ್ತಿ

ಈ ಸಲ ಸಾಹೇಬ್ರು ತಾವೇ ಫೋನ್ ಮಾಡಿದ್ರು. “ಇಂಥಾ ಮುಂಚೀಟಿ ನನ್ನ ಸರ್ವಿಸಿನ್ಯಾಗ ಓದಿಲ್ಲ. ಇಷ್ಟು ಚಂದ ಬರಿಯೋರನ್ನ ತಿದ್ದೋ ಕೆಲಸಕ್ಕ ಯಾರು ಹಾಕ್ಯಾರ? ಇನ್ನ ಮ್ಯಾಲ ಆಫೀಸಿನ ಎಲ್ಲಾರ ಮುಂಚೀಟಿನೂ ನೀವೇ ಬರೀರಿ.”

“ಸರ್, ನನ್ನ ಕಟ್ಟು?” ಅಂದಳು.

“ಅದರ ಚಿಂತಿ ನಿಮಗ್ಯಾಕ? ನಿಮ್ಮ ಸೀನಿಯರ್ ಮುಗಸ್ತಾರ.”

ಅಕಿ ಮನಿಗೆ ಬಂದು ಇದನ್ನ ಹೇಳಿದ್ಳು. ನನ್ನ ಬಾಯೇ ಅಕಿ ಕೈ ಕಟ್ಟಿಹಾಕಿತು ಅಂತ ನನಗ ಗೊತ್ತಾತು.

ಹತ್ತು ದಿನಕ್ಕ ಹೊಸಾ ಕೆಲಸದ ಮೊದಲನೇ ಕಟ್ಟು ಅಕಿ ಮುಂದ ಬಂತು, ಮುಂಚೀಟಿ ಬರೀರಿ ಅಂತ. ತೆಗದು ನೋಡಿದ್ರ ಅಕಿದೇ ಆರು ತಿದ್ದುಪಡಿ. ಒಂದು ಚುಕ್ಕಿನೂ ಬದಲಾಗಿಲ್ಲ. ಕೆಳಗ ಹೆಸರೊಂದು ಸೀನಿಯರಂದು.

ಅಕಿ ಎದ್ದು ಅವನ ಟೇಬಲ್ ಮುಂದ ಹೋಗಿ ನಿಂತಳು. “ಸರ್, ಮುಂಚೀಟಿ ಬರೀಬೇಕು. ಇವನ್ನೆಲ್ಲ ನೀವು ಯಾಕ ತಿದ್ದೀರಿ, ಹೇಳ್ರಿ.”

ಅಂವ ಚಹಾದ ಕಪ್ಪು ಕೆಳಗಿಟ್ಟ. “ನನ್ನ ಕೇಳಿದ್ರ ನನಗೇನು ಗೊತ್ತಾಗ್ತದ ಮೇಡಂ? ತಿದ್ದಿದವರು ನೀವು. ನೀವೇ ನೆನಪು ಮಾಡ್ಕೊಂಡು ನನಗೂ ಒಂದೀಟು ಹೇಳ್ರಿ. ನಾಳಿ ಸಾಹೇಬ್ರು ನನಗ ಶಾಭಾಸ್ ಅನ್ಲಿಕ್ಕೆ ಬರ್ಲಿಕತ್ತಾರ.”