ಎಡಗಡೆಯವರು, ಬಲಗಡೆಯವರು

ಎರಡು ಕಡೆಯದೂ ಒಂದೇ ಎಂದು ಗಣಿತದ ಪುಸ್ತಕದಲ್ಲಿ ಅಚ್ಚು ಹಾಕಿದ ಮೇಲೆ ಅದನ್ನು ಮತ್ತೆ ಸಾಧಿಸಿ ತೋರಿಸು ಎನ್ನುವುದು ಯಾವ ನ್ಯಾಯವೋ ನನಗೆ ಈಗಲೂ ಪೂರ್ತಿ ತಿಳಿದಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ತಿಳಿಯಬೇಕೆಂದೂ ಇಲ್ಲ. ಆದರೆ ಜಗಳೂರು ಕಡೆಯಿಂದ ಬಸವಾಪಟ್ಟಣದ ನಮ್ಮ ಮನೆಗೆ ಬಂದ ಸೊಸೆ ಸವಿತಾ ಪಿಯುಸಿ ಗಣಿತವೊಂದನ್ನು ಬಾಕಿ ಉಳಿಸಿಕೊಂಡೇ ಬಂದಿದ್ದಳು. ಅದು ಪಾಸಾದರೆ ಚನ್ನಗಿರಿಯಲ್ಲಿ ಡಿಗ್ರಿ ಸೇರಬೇಕೆಂಬುದು ಅವಳ ಆಸೆ. ನಾನು ಮದುವೆಯ ಹೊಸದರಲ್ಲೇ ಹೇಳಿಬಿಟ್ಟಿದ್ದೆ: "ಒಂದ್ಸಲ ಬರಿ. ಆಗ್ಲಿಲ್ಲ ಅಂದ್ರೆ ಪುಸ್ತಕ ಅಟ್ಟಕ್ಕೆ ಹಾಕು." ಹೂಂ ಅಂದಳು. ಹೊಸ ಸೊಸೆ ಇನ್ನೇನು ಅಂದಾಳು.

ಅಂದಿನಿಂದ ಅಡುಗೆಮನೆಯ ಕಡಪ ಕಲ್ಲು ಅವಳ ಬೋರ್ಡಾಯಿತು. ಒಲೆಯ ಮೇಲೆ ಬೇಳೆ ಬೇಯುವಷ್ಟರಲ್ಲಿ ಕಲ್ಲಿನ ತುಂಬ ಸೀಮೆಸುಣ್ಣದ ಬರಹ. ಸೈನ್, ಕಾಸ್, ಟ್ಯಾನ್, ಕಾಟ್, ಸೆಕ್, ಕೊಸೆಕ್ ಎಂದು ಆರು ಜನ. ಇವರೆಲ್ಲ ಯಾರ ಪೈಕಿ ಎಂದು ಕೇಳಿದೆ. "ಎಲ್ಲ ಒಂದೇ ಮನೇರು ಅತ್ತೆ. ಎಲ್ಲಾರನ್ನೂ ಸೈನ್, ಕಾಸ್ ಅಂತ ಬರಿಯಾಕೆ ಬರ್ತೈತೆ" ಅಂದಳು. ಹಾಗಾದರೆ ಆ ಇಬ್ಬರನ್ನೇ ಇಟ್ಟುಕೊಂಡು ಉಳಿದ ನಾಲ್ವರನ್ನು ಕಳಿಸಿದ್ದರೆ ಓದುವ ಮಕ್ಕಳು ಬದುಕುತ್ತಿದ್ದರು. ಆದರೆ ತುಂಬಿದ ಮನೆಯಲ್ಲಿ ಬಾಳಿದವಳು ನಾನು. ಕೆಲಸಕ್ಕೆ ಬಾರದ ನಾಲ್ವರನ್ನು ಯಾವ ಮನೆಯಿಂದಲೂ ಕಳಿಸಲಾಗುವುದಿಲ್ಲ.

ಅವಳ ತೊಂದರೆ ಬೇರೆಯಿತ್ತು. ಟ್ಯಾನಿಗೆ ಕಾಟ್ ಕೂಡಿಸಿದರೆ, ಸೆಕ್ಕನ್ನು ಕೊಸೆಕ್ಕಿನಿಂದ ಗುಣಿಸಿದಷ್ಟೇ ಆಗುತ್ತದಂತೆ. ಎಡಗಡೆಯದನ್ನು ಸಾಲುಸಾಲಾಗಿ ಬದಲಿಸುತ್ತ ಬಲಗಡೆಯದರಂತೆ ಮಾಡಿ ತೋರಿಸಬೇಕು. ಇವಳು ಎಡದವರನ್ನು ಅರ್ಧ ದಾರಿ ಕರೆತಂದು, ಬಲದವರನ್ನೂ ಅರ್ಧ ದಾರಿ ಎಳೆದು, ನಡುವೆ ರಾಜಿ ಮಾಡಿಸುತ್ತಿದ್ದಳು. ಟ್ಯೂಷನ್ ಮಾಸ್ತರು ಅದಕ್ಕೆ ಕೆಂಪು ಗೀಟು ಎಳೆಯುತ್ತಿದ್ದರು.

"ಬಲಗಡೇರು ಯಾಕೆ ಅಲ್ಲಾಡಬಾರ್ದಂತೆ?" ಎಂದು ಕೇಳಿದೆ.

"ಅವರು ಇದ್ದಂಗೇ ಇರಬೇಕಂತೆ. ಈ ಕಡೇರೇ ಅವರಂಗೆ ಆಗಬೇಕು."

"ಅಂದ್ರೆ ಗಂಡಿನ ಕಡೇರು ಅನ್ನು."

ಅವಳ ಕೈ ನಿಂತಿತು. ಅತ್ತೆಯ ಎದುರು ನಗಬಹುದೋ ಬಾರದೋ ಎಂದು ಒಮ್ಮೆ ನೋಡಿ, ಆಮೇಲೆ ನಕ್ಕಳು. ಮತ್ತೆ ಆ ತಪ್ಪು ಮಾಡಲಿಲ್ಲ. ಗಂಡಿನ ಕಡೆಯವರು ಚಾಪೆ ಬಿಟ್ಟು ಏಳುವುದಿಲ್ಲ ಎಂಬುದನ್ನು ಅವಳಿಗೆ ಯಾವ ಮಾಸ್ತರೂ ಕಲಿಸಬೇಕಿರಲಿಲ್ಲ.

ನಮ್ಮಲ್ಲಿ ಮದುವೆಯಾದ ವರ್ಷದೊಳಗೆ ಗಂಡನ ಸೋದರತ್ತೆ ಬಂದು ಹೊಸ ಸೊಸೆಯ ಕೈಯಡುಗೆ ಉಣ್ಣಬೇಕು. ಸೊಸೆಯೇ ನಿಂತು ಬಡಿಸಬೇಕು. ಹೊನ್ನಾಳಿಯ ನನ್ನ ನಾದಿನಿ ಗಿರಿಜಕ್ಕ ಊಟಕ್ಕೆ ಬರುತ್ತೇನೆಂದ ದಿನಕ್ಕೇ ಗಣಿತದ ಪರೀಕ್ಷೆಯೂ ಬಿತ್ತು. "ನಸುಕಿನಾಗೆ ಎದ್ದು ಅಡಿಗೆ ಮುಗಿಸಿ ಹೋಗು. ಬಡಿಸಾಕೆ ಹೊತ್ತಿಗೆ ಸರಿಯಾಗಿ ಬಾ" ಎಂದೆ. ಅದಕ್ಕೂ ಹೂಂ.

ಪರೀಕ್ಷೆ ಹತ್ತಿರ ಬಂದಾಗ ಒಂದು ಲೆಕ್ಕ ಹಠ ಹಿಡಿಯಿತು. ಮಧ್ಯಾಹ್ನವೆಲ್ಲ ಬರೆದಳು, ಒರೆಸಿದಳು, ಬರೆದಳು. ಕೊನೆಗೆ ಬಲಗಡೆಯಿಂದ ಬಿಡಿಸತೊಡಗಿದಳು.

"ಏನೇ, ಗಂಡಿನ ಕಡೇರನ್ನ ಎಬ್ಬಿಸ್ತೀಯ?"

"ಇದನ್ನೂ ಮಾಸ್ತರೇ ಹೇಳ್ಯಾರೆ ಅತ್ತೆ. ಯಾವ ಕಡೆ ತೊಡಕು ಜಾಸ್ತಿ ಐತೋ ಅಲ್ಲಿಂದ ಶುರು ಮಾಡಬೇಕಂತೆ. ಸಲೀಸಾಗಿರೋ ಕಡೇನ ಎಷ್ಟು ತಿರುವಿದ್ರೂ ಏನೂ ಹುಟ್ಟಲ್ಲ."

ನನ್ನ ಮುಖ ನೋಡಿ ಹೇಳಲಿಲ್ಲ, ಬರೆಯುತ್ತಲೇ ಹೇಳಿದಳು. ಲೆಕ್ಕ ಮಾತ್ರ ನಾಲ್ಕೇ ಸಾಲಿಗೆ ಬಂತು.

ನಾನು ಎದ್ದು ಪಡಸಾಲೆಗೆ ಬಂದು ಕೂತೆ. ಈ ಹುಡುಗಿ ಬಂದಾಗಿನಿಂದ ಏನೇನು ಬದಲಾಗಿದ್ದಾಳೆ ಎಂದು ನೆನೆಸಿಕೊಂಡೆ. ಜಗಳೂರಿನ ಖಾರ ಬಿಟ್ಟು ನಮ್ಮ ಮನೆಯ ಸಪ್ಪೆ ಕಲಿತಳು. ನನಗೆ ಹಿಡಿಸದೆಂದು ಚೂಡಿದಾರಗಳನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟಳು. ನನಗಿಂತ ಮೊದಲು ಏಳುತ್ತಾಳೆ, ನಾನು ಮಲಗಿದ ಮೇಲೆ ಮಲಗುತ್ತಾಳೆ. ಆಮೇಲೆ ನಾನು ಏನು ಬದಲಾಗಿದ್ದೇನೆ ಎಂದೂ ನೆನೆಸಿಕೊಂಡೆ. ಅದು ಬೇಗ ಮುಗಿಯಿತು.

ಗಿರಿಜಕ್ಕನಿಗೆ ಫೋನ್ ಹಚ್ಚಿ, ಮುಂದಿನ ವಾರ ಬಾ ಎಂದೆ.

"ಯಾಕೆ, ಯಾರಿಗೇನಾತು?"

"ಏನಿಲ್ಲ. ಸವಿತಂದು ಪರೀಕ್ಷೆ ಐತೆ."

"ಸೊಸೆ ಪರೀಕ್ಷೆಗೆ ನನ್ನ ಊಟ ಮುಂದಕ್ಕೆ ಹಾಕ್ತೀಯ? ಅವಳಿಗೆ ಹೆದರ್ಕೊಂಡೀಯೇನೆ?"

"ಹೂಂ" ಅಂದೆ. ಆ ಒಂದು ಮಾತು ಹೇಳುವುದು ಇಷ್ಟು ತ್ರಾಸೆಂದು, ಸವಿತಾ ಹೇಳುವಾಗ ನನಗೆ ಗೊತ್ತಿರಲಿಲ್ಲ.

ಪರೀಕ್ಷೆಯ ದಿನ ಅಡುಗೆ ನಾನೇ ಮಾಡಿದೆ. ಸೊಸೆ ಬಂದ ಮೇಲೆ ಒಲೆ ಮರೆತ ಕೈ. ರೊಟ್ಟಿ ಒಂದೂ ದುಂಡಗಾಗಲಿಲ್ಲ, ನಡುವೆ ಹಸಿ, ಅಂಚು ಕರಿ. ಅವಳು ಚನ್ನಗಿರಿ ಬಸ್ಸಿಳಿದು ಬಂದಾಗ ಹೊತ್ತು ಮೀರಿತ್ತು.

"ಹೆಂಗೆ ಬರ್ದೆ?"

"ನೋಡಬೇಕು ಅತ್ತೆ. ಅನುಮಾನ ಐತೆ." ದನಿ ಸಣ್ಣಗಿತ್ತು.

"ಆಗ್ಲಿಲ್ಲ ಅಂದ್ರೆ ಮತ್ತೆ ಬರಿ. ಮೊದ್ಲು ಕೈ ತೊಳಿ."

ಅಟ್ಟದ ಕಡೆ ಒಮ್ಮೆ ನೋಡಿ, ಪುಸ್ತಕದ ಚೀಲವನ್ನು ಗೂಟಕ್ಕೇ ನೇತುಹಾಕಿದಳು. ಆಮೇಲೆ ಕೈ ತೊಳೆದು ತಟ್ಟೆಯ ಮುಂದೆ ಕೂತಳು. ಮೊದಲ ತುತ್ತನ್ನು ಬಹಳ ಹೊತ್ತು ಅಗಿದಳು.

"ರೊಟ್ಟಿ ಹೆಂಗೈತೆ?" ಎಂದೆ.

ಸ್ವಲ್ಪ ಯೋಚಿಸಿ, "ಪಾಸು ಅತ್ತೆ" ಅಂದಳು.

ಅವಳ ರಿಸಲ್ಟು ಇನ್ನೂ ಬಂದಿಲ್ಲ. ನನ್ನದು ಅಂದೇ ಬಂತು. ಆದರೆ ಕೊಟ್ಟದ್ದು ಗ್ರೇಸ್ ಮಾರ್ಕ್ಸು ಎಂಬುದನ್ನು, ತಟ್ಟೆಯ ಬದಿಗೆ ಮೆಲ್ಲಗೆ ಸರಿಸಿಟ್ಟಿದ್ದ ಕರಿ ಅಂಚುಗಳೇ ಹೇಳುತ್ತಿದ್ದವು.