ಓಬಯ್ಯನವರ ಮೆರವಣಿಗೆಗೆ ಡಿಜೆ

ಭದ್ರಾವತಿಯ ಓಬಯ್ಯನವರು ತೀರಿಕೊಂಡ ಸುದ್ದಿ ಶಿವಮೊಗ್ಗದ ಸವಳಂಗ ರಸ್ತೆಗೆ ಬೆಳಗಿನ ಕಾಫಿಯ ಹೊತ್ತಿಗೆ ಬಂದು ಮುಟ್ಟಿತು. ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸಿ ನಿವೃತ್ತರಾಗಿ, ಮೊಮ್ಮಕ್ಕಳ ಮದುವೆಯನ್ನೂ ಕಣ್ಣಾರೆ ನೋಡಿ, ರಾತ್ರಿ ಮುದ್ದೆ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅಂಥ ಸಾವನ್ನು ದೇವರು ಎಲ್ಲರಿಗೂ ಕೊಡುವುದಿಲ್ಲ. ಅವರ ಬೀದಿಯ ಗಣಪತಿ ಮೆರವಣಿಗೆಯಲ್ಲಿ ತೊಂಬತ್ತರ ಹತ್ತಿರವೂ ಮುಂದೆ ನಿಂತು ಕುಣಿದ ಜೀವ ಅದು. "ನಾನು ಹೋದ ದಿನ ಒಬ್ರೂ ಅಳಕೂಡದು, ಡಿಜೆ ಹಾಕ್ಸಿ" ಎಂದು ಮನೆಯವರಿಂದ ಮಾತು ತೆಗೆದುಕೊಂಡಿದ್ದರು.

ಆ ಮಾತು ನಡೆಸಿಕೊಡಲು ಅವರ ಮಗ ಭೀಮೇಶ್ ಫೋನು ಮಾಡಿದ್ದು ಸುಘೋಷನಿಗೆ.

ಸುಘೋಷ ಸವಳಂಗ ರಸ್ತೆಯ ಪುರೋಹಿತ ಲಕ್ಷ್ಮೀಕಾಂತ ಭಟ್ಟರ ಒಬ್ಬನೇ ಮಗ. ತಂದೆ ಮಂತ್ರ ಹೇಳಲು ಕುಳಿತರೆ ಛತ್ರದ ಅಡುಗೆಮನೆಯಲ್ಲಿ ಸಾರು ಕುದಿಸುವವನಿಗೂ ಮುಹೂರ್ತ ಬಂತೆಂದು ತಿಳಿಯುತ್ತಿತ್ತು. ಮಗನ ಗಂಟಲಿನಲ್ಲಿ ಮಂತ್ರ ನಿಲ್ಲಲಿಲ್ಲ. ಅವನು ಬಾಗಿಲ ಮೇಲೆ ಡಿಜೆ ಸುಘೋಷ ಎಂದು ಫಲಕ ತೂಗುಹಾಕಿದ. "ಗೋಡೆ ನಡುಗಿಸೋದೂ ಒಂದು ಉದ್ಯೋಗವೇನೋ?" ಎಂದು ಭಟ್ಟರು ದಿನಕ್ಕೊಮ್ಮೆ ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ಗೋಡೆಯೂ ಇನ್ನೂ ನಡುಗಿರಲಿಲ್ಲ. ಮಕ್ಕಳ ಹುಟ್ಟುಹಬ್ಬಗಳಲ್ಲಿ ಪೆನ್‌ಡ್ರೈವ್ ಸಿಕ್ಕಿಸಿ, ಕೇಕು ತಿಂದು ಬಂದಿದ್ದಷ್ಟೇ ಅವನ ಸಾಧನೆ.

"ನೋಡಪ್ಪ," ಎಂದರು ಭೀಮೇಶ್ ಫೋನಿನಲ್ಲಿ. "ಪೆನ್‌ಡ್ರೈವ್ ಹಾಕಿ ಮೊಬೈಲ್ ನೋಡ್ತಾ ಕೂರೋರು ಬೇಡ ನಮಗೆ. ಲ್ಯಾಪ್‌ಟಾಪ್ ಇಟ್ಕೊಂಡು, ಒಂದರ ಬಾಲಕ್ಕೆ ಇನ್ನೊಂದು ಹಾಡು ಸೇರಿಸಿ ಹೊಡೀತಾರಲ್ಲ, ಆ ಥರ ಬೇಕು. ಅಪ್ಪಂಗೆ ಅದೇ ಇಷ್ಟ ಇದ್ದಿದ್ದು. ಟ್ರ್ಯಾಕ್ಟರ್, ಸೌಂಡ್ ಬಾಕ್ಸು ಎಲ್ಲಾ ನಮ್ದೇ. ಮೂರು ಗಂಟೆಗೆ ಹೆಣ ಎತ್ತುತೀವಿ. ಇವತ್ತು ಚೆನ್ನಾಗಿ ಹೊಡೆದ್ರೆ ಈ ವರ್ಷದ ಗಣಪತೀನೂ ನಿಂದೇ."

ಭೀಮೇಶ್ ಅಲ್ಲಿಯ ಗಣಪತಿ ಸಮಿತಿಯ ಅಧ್ಯಕ್ಷರು. ಆ ಗಣಪತಿಯ ಮುಂದೆ ಒಮ್ಮೆ ನಿಂತವನು ಜಿಲ್ಲೆಯಲ್ಲೆಲ್ಲ ಡಿಜೆ ಎನಿಸಿಕೊಳ್ಳುತ್ತಾನೆ. ನಿಲ್ಲದವನು ಸಾಯುವತನಕ ಕೇಕು ತಿನ್ನುತ್ತಾನೆ.

"ಆಯ್ತಣ್ಣ, ಬರ್ತೀನಿ. ನಂದು ಲ್ಯಾಪ್‌ಟಾಪೇ," ಎಂದುಬಿಟ್ಟ ಸುಘೋಷ.

ಲ್ಯಾಪ್‌ಟಾಪು ತಂದೆಯದು. ಅದರಲ್ಲಿ ಪಂಚಾಂಗ, ಜಾತಕ ಹೊಂದಿಸುವ ಲೆಕ್ಕ ಎಲ್ಲ ಇದ್ದವು. ಹಾಡು ಬೆರೆಸುವ ಸಾಫ್ಟ್‌ವೇರ್ ಒಂದೂ ಇರಲಿಲ್ಲ.

ಸದ್ಯ, ಭಟ್ಟರು ಗಾಜನೂರಿಗೆ ಸತ್ಯನಾರಾಯಣ ಪೂಜೆಗೆ ಹೋಗಿದ್ದರು. ಪಕ್ಕದ ಮನೆಯ ನಿರಂಜನ ಕರೆಯದೆಯೇ ಬಂದ. ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ರಿಪೇರಿಗಿಂತ ಸಲಹೆಯೇ ಹೆಚ್ಚು ಹೊತ್ತು ನಡೆಯುತ್ತಿತ್ತು.

"ನೋಡು ಮಾರಾಯ, ಡಿಜೆ ಸಾಫ್ಟ್‌ವೇರ್ ಆರಿಸೋದು ಅಂದ್ರೆ ಹೆಣ್ಣು ನೋಡಿದ ಹಾಗೆ. ಫೋಟೋ ನೋಡಿ ಒಪ್ಪಬಾರದು," ಎಂದು ಶುರುಮಾಡಿದ. "ಒಂದು ಜಾತಿ ಇದೆ, ದೊಡ್ಡ ದೊಡ್ಡ ಡಿಜೆಗಳು ಅದನ್ನೇ ಇಟ್ಕೊಳ್ಳೋದು. ಆದ್ರೆ ಅದಕ್ಕೆ ತಟ್ಟೆ ತಿರುಗಿಸೋ ಯಂತ್ರ ಬೇರೆ ತರಬೇಕು. ಅಂದ್ರೆ ಹುಡುಗಿ ಜೊತೆ ಅವಳ ಅಣ್ಣನ್ನೂ ಸಾಕಿದ ಹಾಗೆ. ಇನ್ನೊಂದಿದೆ, ಪುಕ್ಕಟೆ. ಅರ್ಧ ಹಾಡಿಗೆ ಬಂದು 'ದುಡ್ಡು ಕಟ್ಟಿ' ಅಂತ ಬಾಯಿ ಮುಚ್ಚಿಬಿಡುತ್ತೆ. ಹೆಣದ ಮುಂದೆ ಅದು ಸುಮ್ಮನಾದ್ರೆ ನಿನ್ನೂ ಅಲ್ಲೇ ಮಲಗಿಸ್ತಾರೆ."

"ಮೆಲ್ಲಗೆ!" ಎಂದು ಸುಘೋಷ ಅಡುಗೆಮನೆಯ ಕಡೆ ನೋಡಿದ. ತಾಯಿ ಶಾಮಲಾಗೆ ಅವನು ಹೇಳಿದ್ದೇ ಬೇರೆ. ಭದ್ರಾವತಿಯಲ್ಲಿ ಒಬ್ಬ ಹಿರಿಯರಿಗೆ ಸನ್ಮಾನ, ಅವರನ್ನು ಹೂವಿನ ಕುರ್ಚಿಯಲ್ಲಿ ಕೂರಿಸಿ ಮೆರವಣಿಗೆ ಮಾಡ್ತಾರೆ ಎಂದಿದ್ದ.

ಕಡೆಗೆ ಕಣದಲ್ಲಿ ಉಳಿದವು ಎರಡು. ಒಂದರಲ್ಲಿ ಎರಡು ಹಾಡಿನ ವೇಗವನ್ನು ಕಿವಿಯಿಂದ ಕೇಳಿ ಕೈಯಿಂದ ಹೊಂದಿಸಬೇಕು. ಇನ್ನೊಂದು ಲ್ಯಾಪ್‌ಟಾಪಿನಲ್ಲಿರುವ ಹಾಡನ್ನೆಲ್ಲ ತಾನೇ ಹುಡುಕಿ, ತಾನೇ ತಾಳ ಲೆಕ್ಕ ಹಾಕಿ, ಯಾವುದಕ್ಕೆ ಯಾವುದು ಕೂಡುತ್ತದೋ ಅದನ್ನು ತಾನೇ ಬೆರೆಸುತ್ತದೆ. ಒಂದು ಗುಂಡಿ ಒತ್ತಿದರೆ ಮುಗಿಯಿತು.

"ಕೈಯಿಂದ ಮಾಡೋದೇ ಮರ್ಯಾದೆ," ಎಂದ ಸುಘೋಷ.

"ಮರ್ಯಾದೆಗೆ ಕೈ ಬರಬೇಕಲ್ಲ! ಮೂರು ಗಂಟೆ ಒಳಗೆ ಕಲೀತೀಯ? ತಾನೇ ಬೆರೆಸೋದು ನನ್ನ ಪೆನ್‌ಡ್ರೈವ್‌ನಲ್ಲೇ ಇದೆ, ಈಗ್ಲೇ ಹಾಕ್ತೀನಿ," ಎಂದ ನಿರಂಜನ.

ಇಬ್ಬರ ಜಗಳ ಕೇಳಿ ಶಾಮಲಾ ಸೆರಗಿಗೆ ಕೈ ಒರೆಸುತ್ತ ಬಂದರು. ಆ ಮನೆಯಲ್ಲಿ ಬಾವಿ ತೋಡುವುದಿರಲಿ, ಮಿಕ್ಸಿ ಕೊಳ್ಳುವುದಿರಲಿ, ಆಂಜನೇಯನನ್ನು ಕೇಳದೆ ನಡೆದದ್ದಿಲ್ಲ. "ಅಷ್ಟಕ್ಕೆ ಯಾಕೆ ಕಚ್ಚಾಡ್ತೀರಿ? ಪ್ರಸಾದ ಕೇಳೋಣ," ಎಂದು ದೇವರಮನೆಗೆ ಕರೆದರು. ಪಟದ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಒಂದೊಂದು ಸೇವಂತಿಗೆ ಏರಿಸಿದರು. "ಸ್ವಾಮೀ, ಬಲಗಡೆ ಬಿದ್ರೆ ತಾನೇ ಬೆರೆಸೋದು, ಎಡಗಡೆ ಬಿದ್ರೆ ಕೈಯಲ್ಲಿ ಬೆರೆಸೋದು. ನಮ್ಮ ಹುಡುಗನಿಗೆ ಯಾವುದು ಒಳ್ಳೇದೋ ಹೇಳಪ್ಪ," ಎಂದು ಕಣ್ಣು ಮುಚ್ಚಿದರು.

ಸುಘೋಷನೂ ಕಣ್ಣು ಮುಚ್ಚಿದ. ಹೂವು ಅಲುಗಲಿಲ್ಲ. ಆಂಜನೇಯನಿಗೂ ಈ ವಿಷಯ ಹೊಸದಿರಬೇಕು.

"ಏನು ಸೆಕೆ ಶಾಮಲತ್ತೆ," ಎಂದು ನಿರಂಜನ ಮೆತ್ತಗೆ ಎಡಗಡೆ ಕಿಟಕಿ ತೆರೆದ. ಸವಳಂಗ ರಸ್ತೆಯಲ್ಲಿ ಲಾರಿಯೊಂದು ಹೋದ ಗಾಳಿ ನೇರ ಒಳಗೆ ನುಗ್ಗಿತು. ಬಲಗಡೆಯ ಹೂವು ಟಪ್ಪೆಂದು ಬಿತ್ತು.

"ಆಯ್ತಲ್ಲ! ಅವನೇ ಹೇಳಿದ ಮೇಲೆ ಮುಗೀತು," ಎಂದು ಶಾಮಲಾ ಹೂವನ್ನು ಕಣ್ಣಿಗೊತ್ತಿಕೊಂಡರು. ಸಾಫ್ಟ್‌ವೇರ್ ಹಾಕಿ ಮುಗಿಯುವುದೇ ತಡ, ಲ್ಯಾಪ್‌ಟಾಪಿಗೆ ಆರತಿ ಎತ್ತಿದರು. ಬೆರಳಾಡಿಸುವ ಚೌಕವೇ ದೇವರ ಹಣೆಯಂತೆ ಕಂಡಿತೋ ಏನೋ, ಕಲಸಿದ ಅರಿಶಿನ ಕುಂಕುಮವನ್ನು ಅಲ್ಲಿಯೇ ಧಾರಾಳವಾಗಿ ಬಳಿದರು. ಒರೆಸಲು ಹೋದ ಮಗನ ಕೈಗೆ ಒಂದು ಪೆಟ್ಟೂ ಬಿತ್ತು. "ಕೆಲಸ ಮುಗಿಯೋವರೆಗೂ ಅದು ಇರ್ಲಿ!"

ಸುಘೋಷ ತನ್ನ ಪೆನ್‌ಡ್ರೈವಿನಿಂದ ತುಂಬಿದ ಹಾಡುಗಳನ್ನೆಲ್ಲ ಓದಿಕೊಳ್ಳಲು ಯಂತ್ರಕ್ಕೆ ಹೊತ್ತು ಬೇಕಿತ್ತು. ಮುಚ್ಚಿದರೆ ನಿಂತುಹೋಗುತ್ತದೆ ಎಂದ ನಿರಂಜನ. ಹಾಗಾಗಿ ಅವನು ಸ್ಕೂಟರ್ ಓಡಿಸಿದ, ಹಿಂದೆ ಸುಘೋಷ ತೆರೆದ ಲ್ಯಾಪ್‌ಟಾಪನ್ನು ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕುಳಿತ. ಮಾಚೇನಹಳ್ಳಿಯಲ್ಲಿ ಬಿಸಿಲಿಗೆ ಪರದೆ ಕಾಣದೆ, ಟೀ ಅಂಗಡಿಯ ನೆರಳಿನಲ್ಲಿ ನಿಲ್ಲಿಸಿದರು. ಸುಘೋಷ ಒಮ್ಮೆ ಪರದೆ ನೋಡಿದ, ಒಮ್ಮೆ ರಸ್ತೆ ನೋಡಿದ, ತಲೆಯಾಡಿಸಿದ.

ಅಂಗಡಿಯ ಸರಸ್ವತಿಗೆ ಇವರು ರಸ್ತೆ ಅಳೆಯಲು ಬಂದ ಸರ್ಕಾರದವರೆಂದೇ ತೋರಿತು. ರಸ್ತೆ ಅಗಲ ಮಾಡುತ್ತಾರೆಂಬ ಗುಸುಗುಸು ಅಲ್ಲಿ ಬಹಳ ದಿನದಿಂದ ಇತ್ತು.

"ಸಾರ್, ಟೀ ತಗೊಳ್ಳಿ. ನಮ್ಮ ಅಂಗಡಿ ಒಳಗೆ ಬರುತ್ತಾ ಸಾರ್, ಹೊರಗೆ ಉಳಿಯುತ್ತಾ?"

"ಏನಮ್ಮ?"

"ಹಂಗನ್ಬೇಡಿ ಸಾರ್. ಗೆರೆ ಒಂಚೂರು ಆ ಕಡೆ ಎಳೀರಿ. ಎದುರುಗಡೆ ಪಂಕ್ಚರ್ ಅಂಗಡಿಯವನಿಗೆ ಇನ್ನೂ ಮದುವೆನೂ ಆಗಿಲ್ಲ."

ಇದು ಕೇಳಿ ಪಂಕ್ಚರ್ ಅಂಗಡಿಯವನು ಪಾನ ಹಿಡಿದೇ ರಸ್ತೆ ದಾಟಿದ. "ಯಾಕಮ್ಮ, ಮದುವೆ ಆಗದಿದ್ರೆ ಹೊಟ್ಟೆ ಇರಲ್ವ?" ಎಂದ. ಪಕ್ಕದ ವರ್ಕ್‌ಶಾಪಿನವರೂ ಸುತ್ತ ಸೇರಿದರು. ಇದು ಡಿಜೆ ಯಂತ್ರ, ಹಾಡು ಎಣಿಸ್ತಿದೆ ಎಂದು ಸುಘೋಷ ಎಷ್ಟು ಹೇಳಿದರೂ, "ಸರ್ಕಾರದವರು ನಿಜ ಹೇಳಿದ್ದು ಯಾವಾಗ?" ಎಂದು ಯಾರೂ ನಂಬಲಿಲ್ಲ. ಕಡೆಗೆ ಎರಡೂ ಅಂಗಡಿ ಉಳಿಸುವುದಾಗಿ ಮಾತು ಕೊಟ್ಟ ಮೇಲೆಯೇ ಸ್ಕೂಟರು ಅಲುಗಿದ್ದು.

ಭದ್ರಾವತಿಗೆ ಬಂದಾಗ ಹೆಣ ಎತ್ತಲು ಸಿದ್ಧವಾಗಿತ್ತು. ಓಬಯ್ಯನವರನ್ನು ಹೊಸ ಪಂಚೆ ಉಡಿಸಿ, ಪೇಟ ಸುತ್ತಿ, ಹೂವಿನ ಕುರ್ಚಿಯಲ್ಲಿ ಟ್ರ್ಯಾಕ್ಟರ್ ಮೇಲೆ ಕೂರಿಸಿದ್ದರು. ಅವರ ಹೆಂಡತಿ ಜಲಜಮ್ಮ ಪಕ್ಕದಲ್ಲಿ ನಡೆಯುತ್ತಿದ್ದರು. ಮುಂದಿನ ಟ್ರ್ಯಾಕ್ಟರ್‌ನಲ್ಲಿ ಮನೆಯೆತ್ತರದ ಸೌಂಡ್ ಬಾಕ್ಸುಗಳು, ಅದರ ನಡುವೆ ಸುಘೋಷ.

ಕೀಲಿಮಣೆಯ ಗುಂಡಿ ಒತ್ತಿದ. ಅಬ್ಬಾ! ಮೊದಲ ಹಾಡು ಎರಡನೆಯದಕ್ಕೆ ಹಾಲಿಗೆ ಸಕ್ಕರೆಯಂತೆ ಬೆರೆಯಿತು, ಎರಡನೆಯದು ಮೂರನೆಯದಕ್ಕೆ. ಅಳುತ್ತಿದ್ದ ಮೊಮ್ಮಕ್ಕಳು ಕಣ್ಣೊರೆಸಿಕೊಂಡು ಕುಣಿಯತೊಡಗಿದರು. ಮುಂದಿದ್ದವರು ಮಂಡಕ್ಕಿ ತೂರಿದರು. ಭೀಮೇಶ್ ಹೆಬ್ಬೆರಳೆತ್ತಿ ತೋರಿಸಿದರು. ಸುಘೋಷನಿಗೆ ಗಣಪತಿ ಎದುರಿಗೇ ಕಂಡ. ಎರಡೂ ಕೈ ಮೇಲೆತ್ತಿ, ದೊಡ್ಡ ಡಿಜೆಗಳ ಹಾಗೆ ಕಣ್ಣು ಮುಚ್ಚಿ ತಲೆಯಾಡಿಸಿದ.

ಆಗ ಯಂತ್ರ ಮುಂದಿನದನ್ನು ಆರಿಸಿತು.

ಕೊರೊನಾ ಕಾಲದಲ್ಲಿ ಪುರೋಹಿತರು ಸಿಗದ ಒಂದು ಮದುವೆಗೆಂದು ಲಕ್ಷ್ಮೀಕಾಂತ ಭಟ್ಟರು ಇಡೀ ವಿವಾಹವಿಧಿಯನ್ನು ಅದೇ ಲ್ಯಾಪ್‌ಟಾಪಿನಲ್ಲಿ ದನಿ ಹಿಡಿದು ಕಳಿಸಿದ್ದರು. ಭಟ್ಟರದು ಕರಾರುವಾಕ್ಕು ತಾಳ. ಯಂತ್ರಕ್ಕೆ ಅದು ಬಹಳ ಹಿಡಿಸಿತು. ಕುಣಿತದ ಬಡಿತವನ್ನು ಕೆಳಗೆ ಹಾಗೇ ಇಟ್ಟುಕೊಂಡು, ಮೇಲೆ ಭಟ್ಟರ ಕಂಠವನ್ನು ಬಿಟ್ಟಿತು.

"ವರನ ಕಡೆಯವರು ಮುಂದೆ ಬನ್ನಿ!" ಎಂದು ಭದ್ರಾವತಿಯ ಅರ್ಧ ಊರು ನಡುಗುವಂತೆ ಭಟ್ಟರು ಕರೆದರು. ಢಂ ಢಂ ಢಂ. "ಯಾರೂ ಅಳಬಾರದು. ಇದು ಶುಭ ಸಮಯ!"

ಕುಣಿಯುತ್ತಿದ್ದವರು ಎತ್ತಿದ ಕಾಲನ್ನು ಎತ್ತಿದಲ್ಲೇ ಹಿಡಿದರು. ಶುರುಮಾಡಿದ ಗುಂಡಿಗೆ ನಿಲ್ಲಿಸಲು ಬರುತ್ತಿರಲಿಲ್ಲ; ಸುಘೋಷ ಚೌಕದ ಮೇಲೆ ಬೆರಳೆಳೆದ. ಬಿಸಿಲಿಗೆ ಕಾದ ಕುಂಕುಮ ಗಾರೆಯಂತೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದ. ಪರದೆಯ ಬಾಣ ಅಲುಗಲಿಲ್ಲ.

"ವರ ಈಗ ಸ್ವಲ್ಪ ಕತ್ತು ಬಗ್ಗಿಸಬೇಕು," ಎಂದರು ಭಟ್ಟರು.

ಸರಿಯಾಗಿ ಆಗಲೇ ಹಿಂದಿನ ಟ್ರ್ಯಾಕ್ಟರ್ ರಸ್ತೆಯ ಉಬ್ಬು ಹತ್ತಿ ಇಳಿಯಿತು. ಓಬಯ್ಯನವರು ವಿಧೇಯರಾಗಿ ಕತ್ತು ಬಗ್ಗಿಸಿದರು.

"ಅಯ್ಯಯ್ಯೋ! ಎದ್ರು!" ಎಂದು ಯಾರೋ ಕಿರುಚಿದರು. ತಮಟೆಯವರು ತಮಟೆ ಬಿಟ್ಟರು. ಸೌಂಡಿಗೆ ತಲೆನೋವೆಂದು ಗೊಣಗುತ್ತಿದ್ದ ಅಳಿಯಂದಿರು ಚರಂಡಿ ಹಾರಿದರು. ನಿರಂಜನ ಸ್ಕೂಟರನ್ನು ತಳ್ಳಿಕೊಂಡೇ ಓಡಿದ, ಸ್ಟಾರ್ಟ್ ಮಾಡಬಹುದೆಂಬುದು ಅವನಿಗೆ ಹೊಳೆಯಲಿಲ್ಲ. ಗಣಪತಿ ಕೈತಪ್ಪಿದ್ದಷ್ಟೇ ಅಲ್ಲ, ಮೈ ಉಳಿದರೆ ಸಾಕೆಂದು ಸುಘೋಷ ವೈರು ಕೀಳಲು ಕೈ ಹಾಕಿದ.

"ಮುಟ್ಟಬೇಡ ಕಣೋ!"

ಕೂಗಿದ್ದು ಜಲಜಮ್ಮ. ಅಷ್ಟು ಹೊತ್ತು ಕಲ್ಲಿನಂತಿದ್ದವರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅಳು ಎಂದುಕೊಂಡರೆ ನಗು. "ಓಡಿಬಂದು ಮದುವೆಯಾದವ್ರು ಕಣೋ ನಾವು. ಮಂತ್ರ ಇಲ್ಲ, ಓಲಗ ಇಲ್ಲ. ಒಂದಿನ ಜೋರಾಗಿ ಮಾಡ್ಕೊಳ್ಳಾಣ ಕಣೇ ಜಲಜಾ ಅಂತ ಜೀವಮಾನ ಎಲ್ಲಾ ಸುಳ್ಳು ಹೇಳ್ಕೊಂಡೇ ಬಂದ್ರು. ಇವತ್ತು ಅಯ್ನೋರು ತಾವಾಗೇ ಹೇಳ್ತಾವ್ರೆ. ಪೂರ್ತಿ ಆಗ್ಲಿ, ಬಿಡು."

"ಎಲ್ಲರೂ ಅಕ್ಷತೆ ಹಾಕಿ!" ಎಂದಿತು ಸೌಂಡ್ ಬಾಕ್ಸು.

ಜಲಜಮ್ಮನೇ ಮೊದಲು ಮಂಡಕ್ಕಿ ತೆಗೆದು ಗಂಡನ ಪೇಟದ ಮೇಲೆ ಹಾಕಿದರು. ಆಮೇಲೆ ಮಗ, ಸೊಸೆಯಂದಿರು, ಚರಂಡಿಯಿಂದ ಮೇಲೆದ್ದ ಅಳಿಯಂದಿರು. ರುದ್ರಭೂಮಿ ಮುಟ್ಟುವ ತನಕ ಭಟ್ಟರು ಮಂತ್ರ ಹೇಳಿದರು, ಜನ ಕಣ್ಣೀರಿಡುತ್ತ ಕುಣಿದರು. ಅಂಥ ಮೆರವಣಿಗೆಯನ್ನು ಆ ಊರು ಕಂಡಿರಲಿಲ್ಲ.

ಎಲ್ಲ ಮುಗಿದ ಮೇಲೆ ಭೀಮೇಶ್ ಬಂದು ಸುಘೋಷನ ಹೆಗಲ ಮೇಲೆ ಕೈಯಿಟ್ಟರು. ಕಣ್ಣು ತುಂಬಿತ್ತು. "ಗಣಪತಿ ವಿಷಯ ಈಗ್ಲೇ ಹೇಳಿಬಿಡ್ತೀನಪ್ಪ."

ಸುಘೋಷ ಅಂಗಿಯ ಕಾಲರು ನೇರ ಮಾಡಿಕೊಂಡ.

"ಆ ಗಂಟಲು ಯಾರದು? ಅವರ ನಂಬರ್ ಕೊಡು."

ಮದುವೆಮಂತ್ರ ಹೆಣದ ಮುಂದೆ ಆಯಿತೆಂದು ತಿಳಿದರೆ ತಂದೆ ಮನೆಗೆ ಸೇರಿಸುವುದು ಸುಳ್ಳು. ಆದರೂ ಕೊಡದೆ ವಿಧಿಯಿರಲಿಲ್ಲ; ಹಾಡು ಆರಿಸಿ ಬೆರೆಸಿದ್ದು ತಾನಲ್ಲ, ಯಂತ್ರವೇ ಎಂದೂ ಒಪ್ಪಿಕೊಂಡ. ಭೀಮೇಶ್ ಸ್ಪೀಕರ್ ಹಾಕಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು.

"ಹೆಣದ ಮುಂದೆಯೇ?" ಎಂದರು ಭಟ್ಟರು.

"ಹೂಂ ಸ್ವಾಮಿ."

"ಹಿಂದುಗಡೆ ಇದ್ದವರಿಗೂ ಕೇಳಿಸ್ತಾ?"

"ಸ್ಟೇಷನ್ನಿಗೂ ಕೇಳಿಸ್ತಂತೆ ಸ್ವಾಮಿ! ನಮ್ಮ ಗಣಪತಿ ಮುಂದೆ ನೀವೇ ನಿಲ್ಲಬೇಕು. ಇಲ್ಲ ಅನ್ನಬಾರದು."

ಭಟ್ಟರು ಗಂಟಲು ಸರಿಮಾಡಿಕೊಂಡರು. "ದೇವರ ಕೆಲಸ, ಇಲ್ಲ ಅನ್ನೋಕಾಗುತ್ತಾ? ಬರ್ತೀನಿ."

"ಅಪ್ಪ, ಹಾಗಾದ್ರೆ ಲ್ಯಾಪ್‌ಟಾಪ್ ಹತ್ರ ನಾನು..." ಎಂದು ಸುಘೋಷ ನಡುವೆ ಬಾಯಿ ಹಾಕಿದ.

"ನೀನು ಯಾಕೋ? ಆ ಯಂತ್ರ ಎಲ್ಲಾ ತಾನೇ ಮಾಡುತ್ತಂತಲ್ಲ. ಒಂದು ಗುಂಡಿ ತಾನೆ, ನಾನೇ ಒತ್ಕೋತೀನಿ," ಎಂದರು ಭಟ್ಟರು. "ನೀನು ಸ್ಮಶಾನದಿಂದ ನೇರ ಹಿತ್ತಲಿಗೆ ಬಾ. ಸ್ನಾನ ಮಾಡದೆ ಒಳಗೆ ಕಾಲಿಟ್ಟೆಯೋ, ನೋಡ್ಕೋ."

"ಬೇಜಾರಾಗಬೇಡಪ್ಪ," ಎಂದರು ಭೀಮೇಶ್. "ಮುಂದಿನ ತಿಂಗಳು ನನ್ನ ಮೊಮ್ಮಗಳ ಹುಟ್ಟುಹಬ್ಬ ಇದೆ. ಪೆನ್‌ಡ್ರೈವ್ ತಗೊಂಡು ಬಾ."

ಫೋನಿನಲ್ಲಿ ಭಟ್ಟರು ಇನ್ನೂ ಇದ್ದರು. "ಮಾತಿನ ಭರದಲ್ಲಿ ಹೋದವರನ್ನು ಮರೆತೆವಲ್ಲ. ಅವರ ಹೆಸರೇನಂದ್ರಿ?" ಎಂದು ಕೇಳಿದರು. ಜಲಜಮ್ಮ ಮೊದಲ ಬಾರಿಗೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರು. ಅಲ್ಲಿದ್ದವರೆಲ್ಲ ತಲೆಬಾಗಿ ನಿಂತರು, ಸುಘೋಷನೂ ನಿಂತ.

"ಭಗವಂತ, ಓಬಯ್ಯನವರ ಜೀವಕ್ಕೆ ಸದ್ಗತಿ ಕೊಡು. ಬೆಂಕಿಯ ಮುಂದೆ ದುಡಿದ ಮೈಗೆ ನಿನ್ನ ನೆರಳಿನಲ್ಲಿ ತಂಪು ಕೊಡು. ಅವರು ಇಲ್ಲಿ ಬಿಟ್ಟುಹೋದವರ ಕೈ ಹಿಡಿ. ಅವರ ಆತ್ಮಕ್ಕೆ ಶಾಂತಿಯಾಗಲಿ."